ಪರದೆಯ ಮೇಲಿನ ಹೊಳೆ

ಕೊಟ್ರಬಸಪ್ಪನ ನಾಟಕ ಕಂಪನಿ ಕಂಪ್ಲಿಯಲ್ಲಿ ಡೇರೆ ಹಾಕಿದ ವರ್ಷ, ಪರದೆ ಬರೆಯಲು ಪಾಲಯ್ಯ ಎಂಬ ಹೊಸ ಚಿತ್ರಗಾರ ಸೇರಿಕೊಂಡಿದ್ದ. ಹುಟ್ಟಿದ್ದು ಹಂಪಿಯ ಪಕ್ಕದಲ್ಲೇ ಆದರೂ ಅದನ್ನು ಯಾರಾದರೂ ಎತ್ತಿದರೆ ಅವನಿಗೆ ಮುಜುಗರ. ಮದ್ರಾಸಿನಲ್ಲಿ ಎರಡು ವರ್ಷ ಚಿತ್ರ ಕಲಿತಿದ್ದ. ಆ ಎರಡು ವರ್ಷದ ಸುದ್ದಿಯನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ನಾಯಕಿ ಪಾತ್ರದ ಭರಮಮ್ಮನಿಗೆ ಮೊದಲ ವಾರದಲ್ಲೇ ಅವನ ಮೇಲೆ ತಾತ್ಸಾರ ಹುಟ್ಟಿತ್ತು. ಕಣ್ಣೆತ್ತಿ ನೋಡದವನು ಅದೆಂಥ ಚಿತ್ರಗಾರ ಎನ್ನುವುದು ಅವಳ ತಕರಾರು. ಹೊಳೆ, ಗುಡ್ಡ, ಪೇಟೆ ಎಲ್ಲ ಬಿಟ್ಟು ಅವನು ನೋಡುತ್ತಿದ್ದುದು ತನ್ನ ಟ್ರಂಕಿನಲ್ಲಿದ್ದ ಬಣ್ಣದ ಕ್ಯಾಲೆಂಡರುಗಳನ್ನು.

ಭರಮಮ್ಮ ಮರಿಯಮ್ಮನಹಳ್ಳಿಯವಳು. ಅಕ್ಷರ ಬಾರದು. ಮಾತುಗಳನ್ನು ಯಾರಾದರೂ ಎರಡು ಸಲ ಓದಿ ಹೇಳಿದರೆ ಬಾಯಿಪಾಠವಾಗುತ್ತಿದ್ದವು. ಆದರೆ ಹೇಗೆ ನಿಲ್ಲಬೇಕು, ಸೆರಗು ಎಲ್ಲಿ ಸಿಕ್ಕಿಸಬೇಕು ಎಂಬುದನ್ನು ಯಾರೂ ಓದಿ ಹೇಳುವುದಿಲ್ಲವಲ್ಲ? ಅದಕ್ಕೆಂದೇ ಅವಳು ಹಳೆಯ ಹ್ಯಾಂಡ್‌ಬಿಲ್‌ಗಳನ್ನು ಹೊಲಿದು ಒಂದು ಪುಸ್ತಕ ಮಾಡಿಕೊಂಡಿದ್ದಳು. ಅವುಗಳ ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆಯುತ್ತಿದ್ದಳು: ಸಂಡೂರಿನ ಗುಡ್ಡದಿಂದ ಅದಿರಿನ ಬುಟ್ಟಿ ಹೊತ್ತು ಇಳಿಯುವವಳ ಕತ್ತು, ಹೊಸಪೇಟೆ ಸ್ಟೇಷನ್ನಿನಲ್ಲಿ ಗಂಟಿನ ಮೇಲೆ ಕುಳಿತ ಮುದುಕಿಯ ಮೊಣಕಾಲು, ಜಗಳಕ್ಕೆ ಮೊದಲು ಸೊಂಟಕ್ಕೇರುವ ಕೈ. ಹೊಸ ಪಾತ್ರ ಸಿಕ್ಕಿದಾಗ ಅವಳ ಮೊದಲ ಕೆಲಸವೇ ಆ ಪುಸ್ತಕ ಬಿಚ್ಚುವುದು.

"ಏನಿದು, ಕಾಗಿ ಕಾಲು?" ಪಾಲಯ್ಯ ಒಮ್ಮೆ ಅದನ್ನು ಕಸಿದು ನೋಡಿ ನಕ್ಕಿದ್ದ. "ಕಲಾವಿದಗ ಎಲ್ಲಾ ತಲ್ಯಾಗ ಇರತೈತಿ. ಪುಸ್ತಕ ಬೇಕಾಗೋದು ಮರೆಗುಳಿಗಳಿಗೆ."

"ತಲ್ಯಾಗ ಇರೋದು ಒಂದಿನ ಹೊರಗ ಬರತೈತಲ್ಲ, ಅವತ್ತು ನೋಡೋಣ ಬಿಡ್ರಿ," ಎಂದು ಭರಮಮ್ಮ ಪುಸ್ತಕ ಎಳೆದುಕೊಂಡಳು.

ಅದರ ಬಂಡವಾಳ ಹೊರಬಿದ್ದದ್ದು ಕಂಪ್ಲಿಯ ಮೊದಲ ಆಟದಲ್ಲಿ. ತವರು ಬಿಟ್ಟ ಹೆಣ್ಣು ಹೊಳೆ ದಾಟುವ ದೃಶ್ಯ. ಪರದೆ ಇಳಿಯಿತು: ಗಾಜಿನಂಥ ನೀಲಿ ನೀರು, ಹಿಂದೆ ಹಿಮದ ಬೆಟ್ಟ, ನೀರಿನ ಮೇಲೆ ಚೂಪು ಮೂತಿಯ ದೋಣಿ, ಅದರ ಸುತ್ತ ಹಂಸಗಳು. ಹೊಸಪೇಟೆಯಲ್ಲಿ ಇದಕ್ಕೆ ಚಪ್ಪಾಳೆ ಬಿದ್ದಿತ್ತು. ಆದರೆ ಕಂಪ್ಲಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರು ಹರಿಗೋಲು ನಡೆಸುವವರು. ಅವರಲ್ಲಿ ಹಿರಿಯನಾದ ಗಾಳೆಪ್ಪ ಎದ್ದು ನಿಂತ.

"ಇದ್ಯಾವ ಊರ ಹೊಳೀರೀ? ಗುಡ್ಡದ ಮ್ಯಾಲ ಸುಣ್ಣ ಯಾರು ಸುರುವ್ಯಾರ?"

"ಆ ದೋಣ್ಯಾಗ ನನ್ನ ಎಮ್ಮಿ ದಾಟಿಸ್ರಿ ನೋಡೋಣು!" ಹಿಂದಿನಿಂದ ಇನ್ನೊಬ್ಬ ಕೂಗಿದ.

ಡೇರೆ ತುಂಬ ಕೇಕೆ. ಅಳಬೇಕಾದ ಜಾಗದಲ್ಲಿ ಭರಮಮ್ಮ ನಗು ತಡೆಯಲು ತುಟಿ ಕಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಕೊಟ್ರಬಸಪ್ಪ ಎಲ್ಲರೆದುರಿಗೇ ಪಾಲಯ್ಯನಿಗೆ ಹೇಳಿದ: "ಇನ್ನ ಐದು ದಿನದಾಗ ಈ ಊರ ಹೊಳಿ ಬರೀರಿ. ಇಲ್ಲಂದ್ರ ಮದ್ರಾಸಿಗೆ ಟಿಕೀಟು ತೊಗೋರಿ."

ಪಾಲಯ್ಯ ಡೇರೆಯೊಳಗೆ ಕುಳಿತು ತಲೆಯಲ್ಲಿದ್ದುದನ್ನೆಲ್ಲ ಕಾಗದಕ್ಕೆ ಇಳಿಸಿದ. ಹರಿಗೋಲು ಮಂಡಕ್ಕಿ ಹುರಿಯುವ ಬಾಣಲೆಯಾಯಿತು. ಬಂಡೆಗಳು ರವೆ ಉಂಡೆಗಳಾದವು. ಹುಟ್ಟು ಹಿಡಿದವನು ನಿಲ್ಲುತ್ತಾನೋ, ಮಂಡಿಯೂರುತ್ತಾನೋ ಅವನಿಗೆ ತಿಳಿಯದು. ಹುಡುಗನಾಗಿದ್ದಾಗ ಆ ಹೊಳೆಯನ್ನು ನೂರು ಸಲ ದಾಟಿದ್ದನಂತೆ! ಮಧ್ಯಾಹ್ನದ ಹೊತ್ತಿಗೆ ಭರಮಮ್ಮನ ಮುಂದೆ ಬಂದು ನಿಂತ.

"ನಿಮ್ಮ ಪುಸ್ತಕದಾಗ ಹರಿಗೋಲು ಐತಂತ. ಒಂದಿನದ ಮಟ್ಟಿಗೆ ಕೊಡ್ರಿ."

"ಕ್ಯಾಲೆಂಡರ್ ಬಿಟ್ಟು ಈಗ ನನ್ನ ಕಾಗಿ ಕಾಲು ನಕಲು ಮಾಡ್ತೀರೇನು? ಹೊಳಿ ಇಲ್ಲೇ ಕೂಗಳತ್ಯಾಗ ಐತಿ. ನಿಮ್ಮ ಕಾಲಿಗೇನಾಗೈತಿ? ಹ್ಯಾಂಡ್‌ಬಿಲ್ ನಾ ಕೊಡ್ತೀನಿ, ಹೊಲಕೊಂಡು ನಡೀರಿ."

ಮೊದಲ ದಿನ ದಡದ ಮೇಲೆ ಅವನು ಬರೆದ ಹರಿಗೋಲುಗಳು ಭರಮಮ್ಮನವುಗಳಿಗಿಂತ ಕೆಟ್ಟದಾಗಿದ್ದವು. ಜೊತೆಗೆ ಹೋಗಿದ್ದ ಅವಳು ಅದನ್ನು ಮುಚ್ಚಿಡಲಿಲ್ಲ. "ಇದು ಮುಳುಗತೈತಿ. ಇದೂ ಮುಳುಗತೈತಿ," ಎಂದು ಒಂದೊಂದಕ್ಕೂ ಬೆರಳಿಟ್ಟು ಹೇಳಿದಳು. ಎರಡನೆಯ ದಿನ ಗಾಳೆಪ್ಪನೂ ಬಂದು ಇಣುಕಿ ಇನ್ನೆರಡನ್ನು ಮುಳುಗಿಸಿದ. ಪಾಲಯ್ಯ ಹಾಳೆ ಮಗುಚಿ ಮತ್ತೊಂದು ಬರೆದ. ಮದ್ರಾಸಿನ ಮಾತು ಒಮ್ಮೆಯೂ ಬರಲಿಲ್ಲ.

ಮೂರನೆಯ ದಿನ ಅವನು ತಲೆಯೆತ್ತದೆಯೇ ಕೇಳಿದ: "ಗಾಳೆಪ್ಪ ನೆಟ್ಟಗ ಆಚಿ ದಡಕ್ಕ ಹೋಗಂಗಿಲ್ಲ, ನೋಡೀರೇನು? ಮೊದಲು ದಡಗುಂಟ ಮ್ಯಾಲಕ ಹೋಗ್ತಾನ, ಆಮ್ಯಾಲ ನೀರಿನ ಜತಿ ಜಾರ್ತಾನ. ಹುಟ್ಟು ಎಳಿಯೋವಾಗ ಎಡಗಾಲಿನ ಹಿಮ್ಮಡಿ ಬಿದಿರಿಗೆ ಒತ್ತಿರತಾನ. ನೀವು ಅವನ ಕಾಲು ಹೆಂಗ ಬರದೀರಿ?"

ಭರಮಮ್ಮ ಧಿಮಾಕಿನಿಂದಲೇ ಪುಸ್ತಕ ಬಿಚ್ಚಿದಳು. ಅವಳ ಹರಿಗೋಲಿನವನಿಗೆ ಕಾಲೇ ಇರಲಿಲ್ಲ. ಪುಟ ಮಗುಚಿದಳು. ಮುಂದಿನವನಿಗೂ ಇರಲಿಲ್ಲ. ಮೂರು ವರ್ಷದ ಕೆಳಗೆ ಹೊಳೆಯ ಮುಂದೆ ಕುಳಿತು ಬರೆದದ್ದು ಒಂದೇ ಒಂದು. ಆಮೇಲಿನವೆಲ್ಲ ಡೇರೆಯೊಳಗೆ ಅದನ್ನೇ ನೋಡಿ ತೀಡಿದವು. ಬುಟ್ಟಿ ಹೊತ್ತವಳೂ ಅಷ್ಟೆ, ಮುದುಕಿಯೂ ಅಷ್ಟೆ. ಇವನು ಮದ್ರಾಸಿನ ಕ್ಯಾಲೆಂಡರ್ ನಕಲು ಮಾಡಿದ್ದ, ತಾನು ತನ್ನದನ್ನೇ. ಅವಳ ಮುಖಕ್ಕೆ ಬಿಸಿ ಏರಿತು.

"ಕಾಲು ಯಾರು ನೋಡ್ತಾರ್ರೀ," ಎಂದು ಗೊಣಗಿ ಪುಸ್ತಕ ಮುಚ್ಚಿದಳು. ಪಾಲಯ್ಯ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಬೈಯಬಹುದಿತ್ತು.

ಹೊಸ ಪರದೆ ಐದನೆಯ ದಿನ ಇಳಿಯಿತು. ಕೆಂಪು ಬೆರೆತ ನೀರು, ಒಂದರ ಮೇಲೊಂದು ಕುಳಿತ ಬಂಡೆಗಳು, ಡಾಂಬರು ಬಳಿದು ತೇಪೆ ಹಾಕಿದ ಹರಿಗೋಲು. ಮುಂದಿನ ಸಾಲಿನವರು ಕತ್ತು ಚಾಚಿ ನೋಡಿದರು. ಆಮೇಲೆ ಆ ತೇಪೆ ತನ್ನ ಹರಿಗೋಲಿನದೆಂದು ಗಾಳೆಪ್ಪ, ಅಲ್ಲ ತನ್ನದೆಂದು ಪಕ್ಕದವನು, ಇಬ್ಬರೂ ಎದ್ದು ಜಗಳಕ್ಕೆ ನಿಂತರು. ಭರಮಮ್ಮನ ಉದ್ದನೆಯ ವಿದಾಯದ ಮಾತು ಯಾರ ಕಿವಿಗೂ ಬೀಳಲಿಲ್ಲ. ತಲೆ ಎಂಬ ಟ್ರಂಕಿಗೆ ಬೀಗ ಹಾಕಿಕೊಂಡು ಇಷ್ಟು ದಿನ ಕುಳಿತಿದ್ದನಲ್ಲ ಈ ಮಹಾರಾಯ ಎಂದು ಅವಳಿಗೆ ಸಿಟ್ಟು ಬಂತು. ಪರದೆಯಿಂದ ಮಾತ್ರ ಕಣ್ಣು ಕೀಳಲಾಗಲಿಲ್ಲ.

ಹೊಳೆಯ ಮುಂದೆಯೇ ಕೂಡಿಸಿ ಬರೆಸಿದ ಯೋಚನೆ ತನ್ನದೇ ಎಂದು ಕೊಟ್ರಬಸಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಅವನನ್ನು ಅಲ್ಲಗಳೆಯುವಷ್ಟು ಪುರುಸೊತ್ತು ಪಾಲಯ್ಯನಿಗಾಗಲಿ ಭರಮಮ್ಮನಿಗಾಗಲಿ ಇರಲಿಲ್ಲ. ಕಂಪನಿ ಸಂಡೂರಿಗೆ ಹೋದ ಮೇಲೆ, ಸಂತೆಯ ದಿನ ಪಾಲಯ್ಯ ಬಳೆಗಾರನ ಮುಂದೆ ಕುಳಿತು ಬರೆಯುತ್ತಿದ್ದ. ಅವನಿಂದ ಹತ್ತು ಮಾರು ದೂರದಲ್ಲಿ ಭರಮಮ್ಮ ಅವನಿಗೆ ಬೆನ್ನು ಮಾಡಿ, ಒಣಮೆಣಸಿನಕಾಯಿ ಮಾರುವವಳ ಕಾಲ್ಬೆರಳುಗಳನ್ನು ನಾಲ್ಕನೆಯ ಸಲ ಅಳಿಸಿ ಬರೆಯುತ್ತಿದ್ದಳು.