ಒಲೆಗೆ ಸುರಿದ ಹಾಲು

ಚರ್ಚಿನಲ್ಲಿ ಮುಂದಿನ ಬೆಂಚಿನವನ ಕತ್ತಿನಲ್ಲಿ ಬೆವರು ಇಳಿಯುತ್ತಿದೆ, ಜುಲೈ ತಿಂಗಳ ಕೆರೊಲಿನಾ ಸೆಕೆಯಲ್ಲಿ ಉಣ್ಣೆಯ ಕಿಲ್ಟ್ ಲಂಗ ಉಟ್ಟು ಬಂದರೆ ಇನ್ನೇನಾದೀತು, ಹೊರಗೆ ಬ್ಯಾಗ್‌ಪೈಪ್ ವಾದ್ಯ ನಿಂತಿತು, ಪಾದ್ರಿಗಳು ಕನ್ನಡಕ ಏರಿಸಿ ಪಟ್ಟಿ ತೆಗೆದರು, ಒಂದೊಂದೇ ಕುಲದ ಹೆಸರು ಕೂಗುತ್ತಾರೆ, ಆ ಕುಲದವರು ಎದ್ದು ತಮ್ಮ ಚೌಕಳಿ ಬಟ್ಟೆ ಎತ್ತಿ ಹಿಡಿದು ಇದ್ದೇವೆ ಅನ್ನಬೇಕು, ಅದಕ್ಕೊಂದು ಆಶೀರ್ವಾದ, ಅಷ್ಟೇ, ಮೂವತ್ತು ವರ್ಷ ನಮ್ಮ ಪರವಾಗಿ ಹೇಳಿದವನು ಅಣ್ಣ ಟಾರ್ಕಿಲ್, ಈಗ ಮೂಗಿಗೆ ನಳಿಕೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಎಫೀ, ಈ ಸಲ ನೀನು ಹೋಗಿ ಹೇಳೇ, ಫೋನ್ ಆನ್ ಮಾಡಿಟ್ಟಿರು, ಕೇಳಿಸ್ಕೊಂಡು ಹೋಗ್ತೀನಿ — ಎಲ್ಲಿಗೆ ಹೋಗ್ತೀಯೋ ಅಂತ ನಾನು ಕೇಳಲಿಲ್ಲ, ಡಾಕ್ಟರು ಒಂದು ವಾರ ಅಂದಿದ್ದಾರೆ, ನನ್ನ ಜೇಬಿನ ಫೋನಿನಲ್ಲಿ ಅವನ ಉಸಿರು ಗೊರಗೊರ ಅನ್ನುತ್ತಿದೆ.

ಮ್ಯಾಕ್‌ಟಾರ್ವಿ ನಾವು, ಹಸಿರಿನ ಮೇಲೆ ಕೆಂಪು ಗೆರೆ, ಅಣ್ಣನ ಹೆಣಕ್ಕೂ ಇದನ್ನೇ ಹೊದಿಸಬೇಕಂತೆ, ಹಾಳಾದ ಆ ಕಾಗದ ನನ್ನ ಕೈಗೇ ಯಾಕೆ ಸಿಗಬೇಕಿತ್ತು, ಅಜ್ಜಿಯ ಬೈಬಲ್ಲಿನ ರಟ್ಟಿನೊಳಗೆ, ನಮಗೆ ಯಾರಿಗೂ ಬಾರದ, ಹಿರಿಯರ ಹಳೇ ನಾಡಿನ ಗೇಲಿಕ್ ಭಾಷೆಯಲ್ಲಿ, ಅಜ್ಜಿಯ ಅಜ್ಜಿ ಮೊರಾಗ್ ಬರೆದದ್ದು, ಮಂಗಳವಾರ ಆ ಭಾಷೆ ಕಲಿಸುವ ನೋವಾ ಸ್ಕೋಶಿಯಾದ ಟೀಚರಮ್ಮ ಫೋನಿನಲ್ಲಿ ಓದಿ ಅರ್ಥ ಹೇಳಿದರು, ಮ್ಯಾಕ್‌ಟಾರ್ವಿ ಅನ್ನೋದು ಒಡೆಯನ ಹೆಸರು ಕಣಮ್ಮ, ನಿಮ್ಮವರು ಅವನ ಒಕ್ಕಲು, ಒಡೆಯನ ಹೆಸರೇ ಒಕ್ಕಲಿಗೂ ಬರ್ತಿತ್ತು, ರಕ್ತ ಸಂಬಂಧ ಇಲ್ಲ — ಕುರಿ ಸಾಕಿದರೆ ಲಾಭ ಅಂತ ಆ ಒಡೆಯನೇ ಆಳು ಕಳಿಸಿ ಮನೆ ಖಾಲಿ ಮಾಡಿಸಿದ್ದು, ಆಳುಗಳು ಮೊದಲು ಒಲೆ ಆರಿಸಿದರಂತೆ, ಮಕ್ಕಳಿಗೆಂದು ಇಟ್ಟಿದ್ದ ಹಾಲಿನ ಪಾತ್ರೆಯನ್ನೇ ಎತ್ತಿ ಬೆಂಕಿಗೆ ಸುರಿದು, ಮೊರಾಗ್‌ಗೆ ಆಗ ಒಂಬತ್ತು, ಬಾಗಿಲಲ್ಲಿ ನಿಂತು ನೋಡಿದಳು, ಇಲ್ಲಿಗೆ ಬರುವ ಹಡಗಿನಲ್ಲೂ ಆ ವಾಸನೆ ಬಿಡಲಿಲ್ಲ ಅಂತ ಬರೆದಿದ್ದಾಳೆ.

ಹಾಲು, ಅಯ್ಯೋ ಅಜ್ಜಿ, ನಮ್ಮ ಅಡುಗೆಮನೆಯಲ್ಲಿ ಹಾಲು ಉಕ್ಕಿ ಸೀದರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು, ಹಿಮ ಬೀಳುತ್ತಿದ್ದರೂ, ಯಾಕಜ್ಜಿ ಅಂದರೆ ನಮ್ಮ ಕಡೆ ಹಾಗೇ, ನಮ್ಮಜ್ಜಿನೂ ಹೋಗ್ತಿದ್ಲು ಅನ್ನುತ್ತಿದ್ದಳು, ಹೊರಟಳು ನೋಡು ಮಹಾರಾಣಿ ಅಂತ ಅಮ್ಮ ಅಣಕಿಸುತ್ತಿದ್ದಳು, ಟಾರ್ಕಿಲ್ ಅವಳ ನಡಿಗೆ ಮಾಡಿ ತೋರಿಸುತ್ತಿದ್ದ, ಹೊಟ್ಟೆ ಹುಣ್ಣಾಗುವಂತೆ ನಕ್ಕೆವು, ನಾಚಿಕೆಯಾಗಬೇಕು ನಮಗೆ. ಆ ವಂಶದ ಈಗಿನ ಒಡೆಯ ಇಲ್ಲಿನ ಕುಲಗಳ ಆಟದ ಕೂಟಕ್ಕೆ ಅತಿಥಿಯಾಗಿ ಬಂದಾಗ ಅಣ್ಣ ಅವನ ಕೈ ಹಿಡಿದು ಗಳಗಳ ಅತ್ತ, ಆ ಫೋಟೋ ಹಾಸಿಗೆ ಪಕ್ಕ ಇದೆ, ಅಣ್ಣನ ಹೆಂಡತಿ ಬಿಟ್ಟುಹೋದಳು, ದುಡಿಯುತ್ತಿದ್ದ ಗಿರಣಿ ಮುಚ್ಚಿತು, ಮಗಳು ಫೋನ್ ಎತ್ತುವುದಿಲ್ಲ, ಉಳಿದದ್ದು ಈ ಬಟ್ಟೆಯೊಂದು, ಕಾಗದದ ಮಾತು ಹೇಳಿ ಇದನ್ನೂ ಕಿತ್ತುಕೊಳ್ಳಲೇ, ಸಾಯುವವನ ಮೈಮೇಲಿಂದ, ಎದ್ದು ಆ ಒಡೆಯನ ಹೆಸರಿಗೆ ಇದ್ದೇವೆ ಅಂದುಬಿಟ್ಟರೆ ಮುಗಿಯಿತು, ಆದರೆ ಹಿತ್ತಲಲ್ಲಿ ನಡುಗುತ್ತ ನಿಂತ ಅಜ್ಜಿಗೆ ಏನು ಹೇಳಲಿ, ನನಗೆ ಆಗುತ್ತಿಲ್ಲ, ದೇವರೇ, ಯಾರನ್ನು ಬಿಡಲಿ —

ಮ್ಯಾಕ್‌ಟಾರ್ವಿ, ಪಾದ್ರಿಗಳು ಕೂಗಿದರು, ಯಾರೂ ಏಳಲಿಲ್ಲ, ಬೆವರಿನವನು ತಿರುಗಿ ನೋಡಿದ, ಮ್ಯಾಕ್‌ಟಾರ್ವಿ, ಇನ್ನೊಮ್ಮೆ, ಜೇಬಿನೊಳಗಿಂದ ನೂಲಿನಷ್ಟು ಸಣ್ಣ ದನಿ, ಹೇಳೇ ಎಫೀ, ಎದ್ದಿದ್ದೇನೆ, ಬಟ್ಟೆ ಎತ್ತಿದ್ದೇನೆ, ಇದ್ದೇವೆ, ಯಾರೋ ಅಂದರು, ನಾನೇ ಅಂದೆ, ಜೇಬಿನಲ್ಲಿ ಅಣ್ಣ ಅಳುತ್ತಿದ್ದಾನೆ, ಸಂತೋಷಕ್ಕೆ, ಪಾದ್ರಿಗಳು ಆಶೀರ್ವಾದ ಮಾಡುತ್ತಿದ್ದಾರೆ, ಈ ವಾಸನೆ ಎಲ್ಲಿಂದ, ಚರ್ಚಿನಲ್ಲಿ ಒಲೆ ಎಲ್ಲಿದೆ, ಬಾಗಿಲಲ್ಲಿ ಒಂಬತ್ತು ವರ್ಷದವಳು ನಿಂತು ನನ್ನನ್ನೇ ನೋಡುತ್ತಿದ್ದಾಳೆ, ಹಾಲು ಬೀಳುತ್ತಿದೆ, ಕೆಂಡ ಚುಯ್ ಅನ್ನುತ್ತಿದೆ, ಹಾಲು ಬೀಳುತ್ತಿದೆ, ಪಾತ್ರೆ ಹಿಡಿದ ಕೈ ನನ್ನದು