ಟಿಕಳಿಯ ಕೆಳಗಿನ ಕಲೆ

ಮದುವೆಯಾಗಿ ಮರಾಠಿ ಸೀಮೆಯ ಕಾರ್ಖಾನೆ ಊರಾದ ಭೋಸರಿಗೆ ಬಂದಾಗ ಶರಣಮ್ಮನ ಹಣೆಯ ಟಿಕಳಿ ಜೋಳದ ಕಾಳಿನಷ್ಟಿತ್ತು. ೧೯೯೮ರ ದೀಪಾವಳಿಯ ಹೊತ್ತಿಗೆ ಎಂಟಾಣೆಯಷ್ಟು ದೊಡ್ಡದಾಯಿತು. "ಶರಣಮ್ಮಗ ಈಗ ಭಾಳ ಶೋಕಿ ಬಂದದ" ಎಂದು ಚಾಳಿನ ಅಕ್ಕಪಕ್ಕದ ಮನೆಯವರು ನಗೆಯಾಡಿದರು. ಶೋಕಿ ಎಲ್ಲಿ ಬಂತು, ಪಾಪ. ಅಂಟಿಸುವ ಟಿಕಳಿಯ ಕೆಳಗೆ ಕಪ್ಪು ಕಲೆ ಎದ್ದಿತ್ತು. ಅದನ್ನು ಮುಚ್ಚಲು ದೊಡ್ಡ ಟಿಕಳಿ, ಕಲೆ ಅಂಚಿನಿಂದ ಇಣುಕಿದರೆ ಇನ್ನೂ ದೊಡ್ಡದು.

ಕಂಪನಿಯಲ್ಲಿ ಅವಳ ಜೊತೆ ಪ್ಯಾಕಿಂಗ್ ಮಾಡುತ್ತಿದ್ದ ಸೋನಾಲಿ, ಕಲೆ ತೆಗೆಯುತ್ತದೆಂದು ತಾನು ಅರ್ಧ ಬಳಸಿದ ಕ್ರೀಮಿನ ಟ್ಯೂಬನ್ನು ಕೈಗಿಟ್ಟಳು. "ಹಚ್ಚಿ ನೋಡಕ್ಕ, ವಾರದಾಗ ಹೋಗ್ತದ."

ವಾರದಲ್ಲಿ ಕಲೆ ತಿಳಿಯಾಯಿತು ನಿಜ. ಶರಣಮ್ಮ ಹಿಗ್ಗಿದಳು. ಆದರೆ ಎರಡು ತಿಂಗಳಲ್ಲಿ ಹಣೆ ಕೆಂಪೇರಿತು, ಸಣ್ಣ ಗುಳ್ಳೆಗಳೆದ್ದವು, ಬಿಸಿಲಿಗೆ ಹೋದರೆ ಖಾರ ಹಚ್ಚಿದಂತೆ ಉರಿಯತೊಡಗಿತು. ಹಚ್ಚುವುದನ್ನು ಬಿಟ್ಟರೆ ಕಲೆ ಮೊದಲಿಗಿಂತ ಕಪ್ಪಾಗಿ ಮರಳುತ್ತಿತ್ತು. ಮತ್ತೆ ಹಚ್ಚಿದಳು, ಅದರ ಮೇಲೆ ಟಿಕಳಿಯನ್ನೂ ಅಂಟಿಸಿದಳು.

ಪೋಲಿಯೊ ಹನಿಯ ದಿನ ತಿಳಿಸಲು ಬಂದ ಸಿಸ್ಟರ್ ಅಂಬಾಬಾಯಿ ಆ ಹಣೆಯನ್ನು ನೋಡಿ ಅಲ್ಲೇ ನಿಂತರು. ಬೀದರ ಕಡೆಯ ಹೆಂಗಸು. ಮಾತು ಒರಟು, ಮನಸ್ಸು ಮೆತ್ತಗೆ. ಮರುದಿನವೇ ಶರಣಮ್ಮನನ್ನೂ ಅವಳ ಅತ್ತೆ ಬಸವಣ್ಣೆವ್ವನನ್ನೂ ದೊಡ್ಡ ದವಾಖಾನೆಯ ಚರ್ಮದ ಡಾಕ್ಟರರ ಹತ್ತಿರ ಕರೆದೊಯ್ದರು. ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಅಂಬಾಬಾಯಿ ಹೊರಗೆ ಬಂದು ಬಿಡಿಸಿ ಹೇಳಿದರು.

"ಟಿಕಳಿ ಅಂಟು ನಿನ್ನ ಚರ್ಮಕ್ಕ ಆಗಿಬರಂಗಿಲ್ಲ, ಅದಕ್ಕ ಕಪ್ಪಾಗೇದ. ನೀ ತೋರಿಸಿದ ಈ ಟ್ಯೂಬಿನಾಗ ಸ್ಟಿರಾಯ್ಡ್ ಅಂತ ಜೋರು ಔಷಧ ಅದ. ಡಾಕ್ಟರ್ ನೋಡಿ, ಇಷ್ಟು ದಿನ ಅಂತ ಹೇಳಿ ಕೊಡಬೇಕಾದ್ದು. ಬೇಕಾದಂಗ ಹಚ್ಚಿದ್ರ ಚರ್ಮಾನ ತೆಳ್ಳಗಾಗ್ತದ. ಈಗ ಮೂರು ತಿಂಗಳು ಟಿಕಳಿ, ಕುಂಕುಮ ಏನೂ ಬ್ಯಾಡ. ಹಣಿ ಬರಿದು ಬಿಡಬೇಕು."

ಬಸವಣ್ಣೆವ್ವನ ಮುಖ ಬಿಳಿಚಿತು. "ಮುತ್ತೈದಿ ಹಣಿ ಬರಿದು ಬಿಡ್ತಾರೇನ್ರಿ ಬಾಯಾರ? ಬ್ಯಾರೆ ಔಷಧ ಬರಸ್ರಿ. ಇದೊಂದು ಆಗಂಗಿಲ್ಲ."

ಮುದುಕಿಯನ್ನು ಬೈಯಬೇಡಿ. ಹನ್ನೊಂದು ವರ್ಷದ ಹಿಂದೆ ಅವಳ ಗಂಡ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಸತ್ತಾಗ, ನಾಲ್ಕು ಹೆಂಗಸರು ಹಿಡಿದು ಅವಳ ಹಣೆ ಒರೆಸಿದ್ದರು. ಆ ಕೈಗಳನ್ನು ಅವಳು ಮರೆತಿರಲಿಲ್ಲ. ಮಗ, ಶರಣಮ್ಮನ ಗಂಡ ಫಕೀರಪ್ಪ, ಈಗ ತಗಡು ಒತ್ತುವ ಪ್ರೆಸ್ ಮಷೀನಿನ ಮೇಲೆ ದುಡಿಯುತ್ತಿದ್ದ. ಅವನು ಕೆಲಸಕ್ಕೆಂದು ಹೊಸ್ತಿಲು ದಾಟುತ್ತಲೇ ಮುದುಕಿ ಸೊಸೆಯ ಹಣೆ ನೋಡಿ ಜೀವ ತಣ್ಣಗೆ ಮಾಡಿಕೊಳ್ಳುತ್ತಿದ್ದಳು.

"ನನ್ನ ಆಯುಷ್ಯ ಆಕಿ ಹಣಿಗಿ ಅಂಟಸಬ್ಯಾಡ ಬೇ, ಯವ್ವಾ" ಎಂದು ಫಕೀರಪ್ಪ ತಿಳಿಹೇಳಿದ. ತಾಯಿ ಕೇಳಲಿಲ್ಲ. ಅತ್ತೆಯ ಕಣ್ಣೀರು ನೋಡಲಾರದೆ ಶರಣಮ್ಮ ಮತ್ತೆ ಟಿಕಳಿ ಇಟ್ಟುಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಮುಖ ತೊಳೆಯಲು ಟಿಕಳಿ ಕಿತ್ತಾಗ, ಅದರ ಜೊತೆ ಚರ್ಮವೂ ಕಿತ್ತು ಬಂತು. ರಕ್ತ ಮೂಗಿನ ಮೇಲೆ ಇಳಿಯಿತು. ಶರಣಮ್ಮ ಹಲ್ಲು ಕಚ್ಚಿಕೊಂಡು ಹೊಸ ಟಿಕಳಿಗಾಗಿ ಕೈ ಚಾಚಿದಳು. ಬಸವಣ್ಣೆವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಸಾಕು ಬಿಡವ್ವ. ನನ್ನ ಅಂಜಿಕಿಗೆ ನಿನ್ನ ಚರ್ಮ ಸುಲಿಯೂದು ಬ್ಯಾಡ." ತನ್ನ ಸೆರಗಿನಿಂದಲೇ ರಕ್ತ ಒತ್ತಿದಳು. ಅತ್ತೆ ಸೊಸೆ ಇಬ್ಬರೂ ಅತ್ತರು. ಟಿಕಳಿಯ ಚೀಟಿಗಳನ್ನೆಲ್ಲ ಒಲೆಗೆ ಹಾಕಿ, ಆ ಟ್ಯೂಬನ್ನು ಮಾತ್ರ ಡಾಕ್ಟರರ ಕೈಗೇ ಒಪ್ಪಿಸಲು ಎತ್ತಿಟ್ಟುಕೊಂಡು ಮತ್ತೆ ದವಾಖಾನೆಗೆ ನಡೆದರು.

ಗಾಯ ಮಾಯುವ ಔಷಧ ಮೊದಲು ಬಂತು. ಕಲೆ ತಿಳಿ ಮಾಡುವ ಕ್ರೀಮು ಆಮೇಲೆ ಎಂದರು ಡಾಕ್ಟರು.

ಅಷ್ಟರಲ್ಲಿ ಸಂಕ್ರಾಂತಿಯ ಅರಿಷಿಣ-ಕುಂಕುಮ ಬಂತು. ಅದೇ ಚಾಳಿನ ರುದ್ರವ್ವನ ಮನೆಗೆ ಕರೆ. ಬರಿಹಣೆಯಲ್ಲಿ ಹೋಗಲು ಶರಣಮ್ಮ ಹಿಂದೆಗೆದಳು. ವಿಧವೆಯಾದ ಮೇಲೆ ಇಂಥ ಮನೆಗಳ ಹೊಸ್ತಿಲು ತುಳಿಯದಿದ್ದ ಬಸವಣ್ಣೆವ್ವ ಅವಳ ಕೈಹಿಡಿದು ಹೊರಟಳು.

"ರುದ್ರವ್ವ, ನನ್ನ ಸೊಸಿ ಹಣಿಗಿ ಗಾಯ ಆಗೇದ. ಕುಂಕುಮ ತಾಳಿಗಿ ಹಚ್ಚು."

ರುದ್ರವ್ವ ಕುಂಕುಮವನ್ನು ತಾಳಿಗೆ ಹಚ್ಚಿದಳು. ಆಮೇಲೆ ಬಾಗಿಲಲ್ಲೇ ನಿಂತಿದ್ದ ಮುದುಕಿಯ ಕಡೆ ತಿರುಗಿದಳು. "ನೀವ್ಯಾಕ ಹೊರಗ ನಿಂತೀರಿ ಅತ್ತಿ? ಒಳಗ ಬರ್ರಿ, ಎಳ್ಳು-ಬೆಲ್ಲ ತಗೋರಿ."

ಓದುತ್ತಿರುವ ಅಕ್ಕ-ತಂಗಿಯರೇ, ಹಣೆಗೋ ಕೆನ್ನೆಗೋ ಕಲೆ ಬಿದ್ದರೆ ಅದು ಯಾಕೆ ಬಂತೆಂದು ಮೊದಲು ಚರ್ಮದ ಡಾಕ್ಟರರನ್ನು ಕೇಳಿ. ಡಾಕ್ಟರು ಶರಣಮ್ಮನಿಗೆ ಹೇಳಿದ್ದು ನಿಮಗೂ ಸಲ್ಲುತ್ತದೆ: ಕ್ರೀಮನ್ನು ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ, ಉರಿ, ಗುಳ್ಳೆ ಬಂದರೆ ನಿಲ್ಲಿಸಿ ಡಾಕ್ಟರರಿಗೆ ತೋರಿಸಿ. ಕಲೆಯ ಮೇಲಷ್ಟೇ, ತೆಳ್ಳಗೆ, ಡಾಕ್ಟರರು ಹೇಳಿದಷ್ಟು ದಿನ ಹಚ್ಚಿ. ಬಿಸಿಲಿಗೆ ಹೋಗುವಾಗ ಸೆರಗೋ ಛತ್ರಿಯೋ ಇರಲಿ. ಬಸುರಿ, ಬಾಣಂತಿಯರು ಕೇಳದೆ ಏನನ್ನೂ ಹಚ್ಚಬೇಡಿ. ತಯಾರಿಸಿದವರ ಹೆಸರಿಲ್ಲದ ಡಬ್ಬಿಯನ್ನು ಕೊಳ್ಳಬೇಡಿ. ಗೆಳತಿಯ ಟ್ಯೂಬು ಗೆಳತಿಗೇ ಇರಲಿ. ನೀವು ಈಗಾಗಲೇ ಅಂಥದ್ದನ್ನು ಹಚ್ಚುತ್ತಿದ್ದರೆ ನಾಚಿಕೆ ಬೇಡ, ಆ ಟ್ಯೂಬನ್ನೇ ಚೀಲದಲ್ಲಿ ಹಾಕಿಕೊಂಡು ನಾಳೆಯೇ ದವಾಖಾನೆಗೆ ಹೋಗಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ.