ಅಮ್ಮನಿಗಾಗಿ ಒಂದು ಸ್ತೋತ್ರ

ಜನವರಿಯ ಪ್ರಾರ್ಥನಾ ವಾರ ಬಂತೆಂದರೆ ದೂರದ ದಕ್ಷಿಣ ಕಡಲಿನ ವವಾಉ ದ್ವೀಪದ ಆ ಊರಿನಲ್ಲಿ ಒಲೆಗಳಿಗೆ ಬಿಡುವಿರುವುದಿಲ್ಲ. ನಸುಕಿನಲ್ಲೊಂದು ಆರಾಧನೆ, ಸಂಜೆಗೊಂದು ಆರಾಧನೆ, ನಡುವೆ ದಿನಕ್ಕೊಂದು ಮನೆಯವರ ಔತಣ. ಜನ ದೇವರ ಹೆಸರಿನಲ್ಲಿ ತಿಂದು, ದೇವರ ಹೆಸರಿನಲ್ಲೇ ತೂಕಡಿಸಿ, ಗಂಟೆ ಬಾರಿಸಿದಾಗ ಗೌರವಕ್ಕೆಂದು ಉಡುಪಿನ ಮೇಲೆ ಸುತ್ತುವ ಸೊಂಟದ ಚಾಪೆ ಬಿಗಿದುಕೊಂಡು ಮತ್ತೆ ಚರ್ಚಿಗೆ ನಡೆಯುತ್ತಾರೆ. ಆ ವರ್ಷ ಗುರುವಾರದ ಔತಣ ಲೆಸೀಲಿಯ ಮನೆಯದಾಗಿತ್ತು.

ಭಾನುವಾರ ಆರಾಧನೆ ಮುಗಿಸಿಕೊಂಡು ಬಂದ ಪಾದ್ರಿಗಳು ಅವಳ ಅಂಗಳದಲ್ಲೇ ನಿಂತು ಬೆವರು ಒರೆಸಿಕೊಂಡರು.

“ಗುರುವಾರ ಸ್ತೋತ್ರದ ಮಾತು ನೀನೇ ಆಡ್ಬೇಕಮ್ಮ ಲೆಸೀಲಿ.”

“ಅಯ್ಯನವರೇ, ಹಂದಿ ಸುಡು ಅನ್ನಿ, ಸುಡ್ತೀನಿ. ಗೆಣಸು ಬೇಯಿಸು ಅನ್ನಿ, ಬೇಯಿಸ್ತೀನಿ. ನಿಮ್ಮ ಅಂಗೀನೂ ಒಗೆದು ಕೊಡ್ತೀನಿ ಬೇಕಾದ್ರೆ. ಮಾತೊಂದು ಬೇಡ.”

“ಊರೆಲ್ಲ ನಿನ್ನ ಬಾಯಿಗೆ ಹೆದರುತ್ತೆ. ನೀನು ಮಾತಿಗೆ ಹೆದರ್ತೀಯಾ?” ಪಾದ್ರಿಗಳು ನಕ್ಕು ಹೊರಟೇಬಿಟ್ಟರು.

ಔತಣದ ನಡುವೆ ಮನೆಯವರಲ್ಲಿ ಒಬ್ಬರು ಎದ್ದು ನಿಂತು, ಹೆತ್ತವರ, ಹಿರಿಯರ ಹೆಸರು ಹಿಡಿದು ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳುವುದು ಅಲ್ಲಿನ ಪದ್ಧತಿ. ಹೇಳುವವರೂ ಅಳುತ್ತಾರೆ, ಕೇಳುವವರೂ ಅಳುತ್ತಾರೆ, ಆಮೇಲೆ ಎಲ್ಲರೂ ಇನ್ನಷ್ಟು ತಿನ್ನುತ್ತಾರೆ. ಆ ಮನೆಯಲ್ಲಿ ಇಷ್ಟು ವರ್ಷವೂ ಆ ಕೆಲಸ ಲೆಸೀಲಿಯನ್ನು ಸಾಕಿದ ಸೋದರತ್ತೆ ಅಕನೇಸಿಯದಾಗಿತ್ತು. ಅತ್ತೆ ಹೋದ ವರ್ಷ ತೀರಿಕೊಂಡಿದ್ದಳು. ಈಗ ಅದು ಲೆಸೀಲಿಯ ತಲೆಗೆ ಬಂತು. ಹೆತ್ತವರ ಹೆಸರು ಹಿಡಿಯಬೇಕೆಂದರೆ ತೆಮಲೀಸಿಯ ಹೆಸರು ಹಿಡಿಯಬೇಕು. ಅದೇ ಅವಳಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳು.

ತೆಮಲೀಸಿ ಅವಳನ್ನು ಹೆತ್ತ ತಾಯಿ. ನೀರಿನಾಚೆಯ ಪುಟ್ಟ ದ್ವೀಪದಲ್ಲಿ ಲೆಸೀಲಿಯ ತಂಗಿ ಫಾನೆಯ ಮನೆಯಲ್ಲಿದ್ದಳು. ಲೆಸೀಲಿಗೆ ಏಳು ವರ್ಷವಾಗಿದ್ದಾಗ ಅಪ್ಪನ ಅಕ್ಕ ಅಕನೇಸಿ ಬಂದು, “ನನಗೆ ಮಕ್ಕಳಿಲ್ಲ, ನಿಮ್ಮದರಲ್ಲಿ ಒಂದನ್ನ ಕೊಡಿ,” ಎಂದು ಕೇಳಿದ್ದಳು. ಅಪ್ಪನ ಅಕ್ಕ ಕೇಳಿದರೆ ಇಲ್ಲ ಎನ್ನುವ ಬಾಯಿ ಆ ಕಡೆ ಯಾರಿಗೂ ಇಲ್ಲ. ಕೇಳಿದ್ದರಲ್ಲೂ ಕೊಟ್ಟಿದ್ದರಲ್ಲೂ ಯಾರೂ ತಪ್ಪು ಕಾಣಲಿಲ್ಲ. ಆದರೆ ಯಾವ ಮಗು ಎಂಬುದನ್ನು ಅಕನೇಸಿ ಹೇಳಿರಲಿಲ್ಲ. ಅದನ್ನು ಆರಿಸಿದವಳು ತಾಯಿ.

ಹೊಸ ಲಂಗ ಹಾಕಿಕೊಂಡು ಹಬ್ಬಕ್ಕೆ ಹೋಗುತ್ತಿದ್ದೇನೆಂದು ಹಿಗ್ಗುತ್ತ ದೋಣಿ ಹತ್ತಿದ್ದ ಹುಡುಗಿಗೆ ನೆನಪಿರುವುದು ತಾಯಿಯ ಬೆನ್ನು. ದೋಣಿ ದಡ ಬಿಡುವ ಮೊದಲೇ ತೆಮಲೀಸಿ ತಿರುಗಿ ನಡೆದುಬಿಟ್ಟಿದ್ದಳು. ಆಮೇಲೆ ಮದುವೆಗೋ ಮಣ್ಣಿಗೋ ಎದುರಾದಾಗ ಬಂದ ನೆಂಟರಿಗೆ ಕೊಟ್ಟ ಹಾಗೆ ಕೆನ್ನೆಗೊಂದು ಮುತ್ತು, “ಚೆನ್ನಾಗಿದ್ದೀಯಾ, ಅಕನೇಸಿಯ ಮಗಳೇ?” ಎಂಬ ಒಂದು ಮಾತು, ಅಷ್ಟೇ. ಐದು ಮಕ್ಕಳಲ್ಲಿ ನಾನೇ ಯಾಕೆ ಬೇಡವಾದೆ ಎಂಬ ಪ್ರಶ್ನೆ ಲೆಸೀಲಿಯ ಜೊತೆಗೇ ದೊಡ್ಡದಾಯಿತು, ಮದುವೆಯಾಯಿತು, ಮಕ್ಕಳನ್ನು ಹೆತ್ತಿತು. ಮಕ್ಕಳೆಲ್ಲ ಬೆಳೆದು ದೂರ ಹೋದರೂ ಅದೊಂದು ಮನೆ ಬಿಡಲಿಲ್ಲ.

ಸೋಮವಾರ ಗಂಡ ಇಸಿಲೇಲಿ ಹಿತ್ತಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದ. ಲೆಸೀಲಿ ಕೆಸುವಿನ ಎಲೆ ಒರೆಸಿ ಜೋಡಿಸುತ್ತಿದ್ದಳು. ಮುಖ ಬಾಡಿತ್ತು.

“ಅತ್ತೆಯಿಂದ ಶುರು ಮಾಡೇ. ಅತ್ತೆಗೆ ಸ್ತೋತ್ರ ಹೇಳೋಕೆ ನಿನಗೇನು ಕಷ್ಟ?” ಎಂದ.

“ಅತ್ತೆಗಾದ್ರೆ ಸಂಜೆವರೆಗೂ ಹೇಳ್ತೀನಿ.”

“ಹೇಳು ಮತ್ತೆ. ಕಾಯಿ ಇನ್ನೂ ಗುಡ್ಡೆ ಬಿದ್ದಿದೆ.”

ಹೇಳತೊಡಗಿದಳು. ಬಂದ ಮೊದಲ ವಾರ ಅವಳು ಊಟ ಬಿಟ್ಟು ಕೂತಿದ್ದಾಗ ಅತ್ತೆಯೂ ಊಟ ಬಿಟ್ಟು ಪಕ್ಕದಲ್ಲಿ ಕೂತಿದ್ದು. ತಲೆಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ ಕೀರ್ತನೆ ಕಲಿಸಿದ್ದು, ಸ್ವರ ತಪ್ಪಿದರೆ ಕಿವಿ ಹಿಂಡಿದ್ದು. ಚಾಪೆ ಹೆಣೆಯಲು ಕೂತಾಗ ಬೆರಳು ಕುಯ್ದುಕೊಂಡರೆ ಅತ್ತೆಯ ಕಣ್ಣಲ್ಲಿ ನೀರು ಬರುತ್ತಿದ್ದದ್ದು. ಮದುವೆಯ ದಿನ, ಅಲ್ಲಿನವರಿಗೆ ಒಡವೆಗೆ ಸಮನಾದ, ತನ್ನ ಪೆಟ್ಟಿಗೆಯ ಅತಿ ನಯವಾದ ಚಾಪೆಗಳನ್ನೆಲ್ಲ ಹೊರತೆಗೆದು, “ಇದಕ್ಕಿಂತ ಹೆಚ್ಚಿಗೆ ಇದ್ದಿದ್ರೆ ಅದನ್ನೂ ಕೊಡ್ತಿದ್ದೆ,” ಎಂದದ್ದು. ಕೊನೆಯ ದಿನಗಳಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟುಕೊಂಡು, “ನಿನ್ನನ್ನ ನನಗೆ ಕೊಟ್ಟ ದೇವರಿಗೆ ಸ್ತೋತ್ರ,” ಎನ್ನುತ್ತಲೇ ಇದ್ದದ್ದು.

ಇಸಿಲೇಲಿ ತುರಿಯುವುದನ್ನು ನಿಲ್ಲಿಸಿದ.

“ದೇವರು ಕೊಟ್ಟ, ಸರಿ. ಯಾರ ಕೈಯಿಂದ ಕೊಟ್ಟ?”

ಲೆಸೀಲಿ ಕೈಗೆ ಸಿಕ್ಕಿದ ಚಿಪ್ಪನ್ನು ಅವನತ್ತ ಎಸೆದಳು. “ಸುಮ್ನೆ ತುರೀರಿ! ನೀವೂ ಪಾದ್ರಿಯಾಗೋದು ಬೇಡ.”

ಚಿಪ್ಪು ಗುರಿ ತಪ್ಪಿತು, ಮಾತು ತಪ್ಪಲಿಲ್ಲ. ಮಾರನೆಯ ನಸುಕಿಗೆ ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವ ಹೊತ್ತು ಬಂತು. ನೂರಾರು ದನಿಗಳು ಒಂದರ ಮೇಲೊಂದು ಬಿದ್ದು ಕಡಲಿನ ಮೊರೆತದಂತಾಗುವ ಹೊತ್ತದು. ಯಾರು ಏನು ಹೇಳಿದರೂ ದೇವರಿಗೆ ಮಾತ್ರ ಕೇಳುತ್ತದೆ. ಲೆಸೀಲಿ ಮೊದಲು ಜಗಳವನ್ನೇ ತೆಗೆದಳು. ‘ಸ್ವಾಮೀ, ನನಗೆ ಇದು ಆಗಲ್ಲ. ನೀನು ಕೇಳಬಾರದ್ದನ್ನ ಕೇಳ್ತಿದ್ದೀಯ. ಅವಳು ನನ್ನ ಮುಖಾನೂ ನೋಡದೆ ಹೋದ್ಲು.’ ದೂರು ಪೂರ್ತಿ ಮುಗಿಯುವವರೆಗೂ ಹೇಳಿದಳು. ಆಮೇಲೆ ಹಲ್ಲು ಕಚ್ಚಿ ಇನ್ನೊಂದು ಮಾತು ಸೇರಿಸಿದಳು: ‘ಆದ್ರೂ ಅಮ್ಮನಿಗಾಗಿ ಸ್ತೋತ್ರ.’ ಉಪ್ಪಿಲ್ಲದ ಗಂಜಿಯ ಹಾಗಿತ್ತು ಆ ಮಾತು. ಬಾಯಿಂದ ಬಂತು, ಅಷ್ಟೇ.

ಬುಧವಾರ ಮತ್ತೆ ಹೇಳಿದಳು. ಈ ಸಲ ಹೇಳುತ್ತಿದ್ದ ಹಾಗೇ ಎಲ್ಲಿಂದಲೋ ನೀರಿನ ತಂಪು ಬೆನ್ನಿಗೆ ತಾಕಿದಂತಾಯಿತು. ಎದೆಮಟ್ಟದ ನೀರಿನಲ್ಲಿ ನಿಂತು ತಾಯಿ ಎರಡು ಅಂಗೈ ಚಾಚಿದ್ದಾಳೆ, ಆ ಅಂಗೈಗಳ ಮೇಲೆ ಪುಟ್ಟ ಲೆಸೀಲಿ ಅಂಗಾತ ತೇಲುತ್ತಿದ್ದಾಳೆ. “ಬಿಡ್ತೀನಿ ನೋಡು, ಬಿಟ್ಟೇಬಿಟ್ಟೆ ನೋಡು!” ಎಂದು ತಾಯಿ ಹೊಟ್ಟೆ ಕುಣಿಸಿ ನಗುತ್ತಿದ್ದಾಳೆ. ಅದರ ಹಿಂದೆಯೇ ಇನ್ನೊಂದು ಬಂತು: ಕೆಂಡದಿಂದ ತೆಗೆದ ದೀವಿಹಲಸನ್ನು ತಾಯಿ ಬಾಯಿಂದ ಊದಿ ಊದಿ ಆರಿಸಿ ತಿನ್ನಿಸಿದ್ದು. ಮತ್ತೊಂದು, ಮಗದೊಂದು. ಲೆಸೀಲಿ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಏಳು ವರ್ಷ ತಾಯಿಯ ಮಡಿಲಲ್ಲಿ ಬದುಕಿದ್ದೆನೆಂಬುದನ್ನೇ ಮರೆತಿದ್ದಳಲ್ಲ! ಆ ಒಂದು ದಿನದ ನೋವಿನ ಜೊತೆಗೆ ಆ ಏಳು ವರ್ಷವನ್ನೂ ಸೇರಿಸಿ ಬೀಗ ಹಾಕಿಬಿಟ್ಟಿದ್ದಳು. ಈಗ ಬಾಗಿಲು ಒಂದಿಷ್ಟು ಸರಿದಿತ್ತು. ಸುತ್ತಲಿನವರ ಪ್ರಾರ್ಥನೆ ನಿಂತದ್ದೂ ತಿಳಿಯದೆ ಅವಳೊಬ್ಬಳೇ, “ಸ್ತೋತ್ರ! ಸ್ತೋತ್ರ!” ಎನ್ನುತ್ತಿದ್ದಳು. ಪಕ್ಕದವಳು ಮೊಣಕೈಯಿಂದ ತಿವಿದಳು. ಲೆಸೀಲಿ ನಕ್ಕುಬಿಟ್ಟಳು, ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಗುರುವಾರ ಬೆಳಿಗ್ಗೆ ಫಾನೆ ತಾಯಿಯನ್ನು ಕರೆದುಕೊಂಡು ದೋಣಿಯಲ್ಲಿ ಬಂದಿಳಿದಳು. ಔತಣಕ್ಕೆಂದು ಅವರ ಪಾಲಿನ ಹಂದಿ, ತೋಳುದ್ದದ ಗೆಣಸು ತಂದಿದ್ದರು. ತೆಮಲೀಸಿಯ ಬೆನ್ನು ಬಾಗಿತ್ತು. ಕೋಲೂರಿ ಬಂದು ಕೆನ್ನೆಗೆ ಮುತ್ತಿಟ್ಟಳು.

“ಚೆನ್ನಾಗಿದ್ದೀಯಾ, ಅಕನೇಸಿಯ ಮಗಳೇ?”

ಯಾವಾಗಲೂ ಉರಿಯುತ್ತಿದ್ದ ಜಾಗ ಈ ಸಲ ಉರಿಯಲಿಲ್ಲ. ಲೆಸೀಲಿಗೇ ಆಶ್ಚರ್ಯವಾಯಿತು. “ಚೆನ್ನಾಗಿದ್ದೀನಮ್ಮ. ಬಿಸಿಲಲ್ಲಿ ನಿಲ್ಲಬೇಡ, ಒಳಗೆ ಬಾ,” ಎಂದು ಕೈ ಹಿಡಿದು ಕರೆದೊಯ್ದಳು.

ಗುಂಡಿ ತೋಡಿ ಬಿಸಿಗಲ್ಲಿನ ಮೇಲೆ ಅಡುಗೆ ಹೂತಿಟ್ಟಿದ್ದ ನೆಲದೊಲೆಯ ಮಣ್ಣು ಸರಿಸಿದಾಗ ಎದ್ದ ಪರಿಮಳಕ್ಕೆ ಊರೇ ಬಂತು. ತೆಂಗಿನ ಗರಿಯ ಚಪ್ಪರದಡಿ ಉದ್ದಕ್ಕೆ ಹಾಸಿದ ಎಲೆಗಳ ಮೇಲೆ ಇಡೀ ಹಂದಿಗಳು, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯ ಮಾಂಸದ ಪೊಟ್ಟಣಗಳು, ಮೀನು, ಗೆಣಸು, ಕಲ್ಲಂಗಡಿ ಜೋಡಿಸಿದ್ದರು. ಎಲ್ಲರೂ ಎರಡು ಬದಿಗೆ ಕೂತು ಒಂದು ಸುತ್ತು ತಿಂದ ಮೇಲೆ ಪಾದ್ರಿಗಳು ಲೆಸೀಲಿಯತ್ತ ನೋಡಿದರು. ಅವಳು ಕೈ ಒರೆಸಿಕೊಂಡು ಎದ್ದಳು.

“ಈ ಮನೇಲಿ ಮಾತಾಡ್ತಿದ್ದವಳು ಅತ್ತೆ. ಇವತ್ತು ಇದ್ದಿದ್ರೆ ಹಂದಿಗೆ ಉಪ್ಪು ಸಾಲದು ಅಂತ ಮೊದಲು ಬೈದು, ಆಮೇಲೆ ದೇವರಿಗೆ ಸ್ತೋತ್ರ ಹೇಳ್ತಿದ್ಳು.” ಜನ ನಕ್ಕರು. ಅವಳು ಅತ್ತೆಯ ಬಗ್ಗೆ ಹೇಳಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ತಾಯಿ ಕೂತಿದ್ದ ಕಡೆ ತಿರುಗಿದಳು. ಇಸಿಲೇಲಿ ತಿನ್ನುವುದನ್ನು ನಿಲ್ಲಿಸಿ ತಲೆ ತಗ್ಗಿಸಿದ.

“ಇನ್ನೊಬ್ಬರ ಹೆಸರು ಹೇಳಬೇಕು. ಇಷ್ಟು ವರ್ಷ ಹೇಳಲಿಲ್ಲ. ನನ್ನ ಅಮ್ಮ ತೆಮಲೀಸಿ. ನನ್ನನ್ನ ಬೇರೆ ಮನೆಗೆ ಕೊಟ್ಟಳು ಅಂತ ನಾನು ಎಷ್ಟು ಅತ್ತಿದ್ದೀನೋ ಕರ್ತನಿಗೇ ಗೊತ್ತು. ಅದು ನೋವಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅಮ್ಮ, ನೀನು ನನ್ನನ್ನ ನೀರಲ್ಲಿ ತೇಲೋಕೆ ಕಲಿಸಿದೆ. ಊದಿ ಆರಿಸಿ ತಿನ್ನಿಸಿದೆ. ಅತ್ತೆಯ ಮಡಿಲು ನನಗೆ ಸಿಕ್ಕಿದ್ದೂ ನಿನ್ನ ಕೈಯಿಂದಾನೇ. ನೀನು ಯಾಕೆ ಕೊಟ್ಟೆ ಅಂತ ನನಗೆ ಗೊತ್ತಿಲ್ಲ, ಇವತ್ತು ಕೇಳೋದೂ ಇಲ್ಲ. ನಿನಗಾಗಿ ಯೇಸುಸ್ವಾಮಿಗೆ ಸ್ತೋತ್ರ. ಅಷ್ಟೇ.”

ಚಪ್ಪರದಡಿ ನೊಣ ಓಡಿಸುವ ಬೀಸಣಿಗೆಗಳೂ ನಿಂತವು. ಆಚೆ ತುದಿಯಲ್ಲಿ ಕೂತಿದ್ದ ತೆಮಲೀಸಿ ಕೋಲು ಹುಡುಕದೆ ಎದ್ದಳು. ಸುತ್ತಿ ಬರಲು ಅವಳಿಗೆ ತಾಳ್ಮೆ ಇರಲಿಲ್ಲ. ಎಲೆಗಳ ನಡುವೆ, ಹಂದಿಗಳ ನಡುವೆಯೇ ನಡೆದು ಬಂದಳು. ಒಂದು ಪೊಟ್ಟಣ ಕಾಲಿಗೆ ಸಿಕ್ಕಿ ಪಾದ್ರಿಗಳ ಕಡೆ ಉರುಳಿತು. ಯಾರೂ ಬೇಡ ಎನ್ನಲಿಲ್ಲ.

“ಕೇಳಲ್ಲ ಅಂದ್ಯಲ್ಲ, ನಾನೇ ಹೇಳ್ತೀನಿ,” ಎಂದಳು ಮಗಳ ಎರಡೂ ತೋಳು ಹಿಡಿದು. “ವರ್ಷದ ಮೊದಲ ಗೆಣಸನ್ನ ದೇವರಿಗೆ, ದೊಡ್ಡವರಿಗೆ ಕೊಡೋವಾಗ ಹುಳುಕು ಹಿಡಿದದ್ದನ್ನ ಯಾರಾದ್ರೂ ಆರಿಸ್ತಾರೇನೇ? ನಿನ್ನ ಅತ್ತೆ ಮನೇಲಿ ನಗು ಅನ್ನೋದೇ ಇರಲಿಲ್ಲ. ನನ್ನ ಮಕ್ಕಳಲ್ಲಿ ನಗ್ತಾ ಏಳೋಳು, ನಗ್ತಾ ಮಲಗೋಳು ನೀನೊಬ್ಳೇ. ಇರೋದ್ರಲ್ಲಿ ಒಳ್ಳೇದನ್ನ ಕೊಟ್ಟೆ ಕಣೇ. ಕೊಟ್ಟ ಮೇಲೆ ನಿನ್ನ ಮುಖ ನೋಡಿದ್ರೆ ದೋಣಿಯಿಂದ ಕಿತ್ಕೊಂಡು ಬಂದ್ಬಿಡ್ತಿದ್ದೆ. ಅದಕ್ಕೇ ನೋಡಲಿಲ್ಲ. ನನ್ನ ಮಗಳು ಅಂತ ಒಂದು ಸಲ ಬಾಯಿಬಿಟ್ಟು ಕರೆದಿದ್ರೂ ಮತ್ತೆ ನಿನ್ನ ಬಿಟ್ಟಿರೋಕೆ ಆಗ್ತಿರಲಿಲ್ಲ. ಮಾಡಿದ್ದು ಸರೀನಾ ಅಂತ ಇವತ್ತಿಗೂ ಕರ್ತನ್ನ ಕೇಳ್ತೀನಿ. ನಿನ್ನನ್ನ ಅಳಿಸಿದ್ದು ತಪ್ಪು. ಕ್ಷಮಿಸು, ನನ್ನ ಕೂಸೇ.”

ಲೆಸೀಲಿ ತಾಯಿಯನ್ನು ಬಾಚಿ ಅಪ್ಪಿಕೊಂಡಳು. ಊರಿಗೆ ಊರೇ ಗೊಳೋ ಎಂದಿತು. ಅಷ್ಟರಲ್ಲಿ ಫಾನೆಯ ದನಿ ಎಲ್ಲರನ್ನೂ ಮೀರಿ ಕೇಳಿಸಿತು:

“ಹಾಗಾದ್ರೆ ನಾನೇನಮ್ಮ, ಹುಳುಕು ಗೆಣಸಾ?”

“ನೀನು ಅಳುಬುರುಕಿ,” ಎಂದಳು ತೆಮಲೀಸಿ, ತಿರುಗಿ ಕೂಡ ನೋಡದೆ. “ನಿನ್ನ ಕೊಟ್ಟಿದ್ರೆ ಅತ್ತಿಗೆ ಮಾರನೇ ದಿನವೇ ತಂದು ಬಿಟ್ಟು ಹೋಗ್ತಿದ್ಲು.”

ನಗು ಚಪ್ಪರವನ್ನೇ ಎತ್ತಿತು. ಪಾದ್ರಿಗಳಿಗೆ ನಕ್ಕು ನಕ್ಕು ತುತ್ತು ಗಂಟಲಿಗೆ ಸಿಕ್ಕಿಕೊಂಡು ಯಾರೋ ಬೆನ್ನಿಗೆ ಗುದ್ದಬೇಕಾಯಿತು. ಹೆಂಗಸರಲ್ಲಿ ಯಾರೋ ಕೀರ್ತನೆ ಎತ್ತಿದರು, ಗಂಡಸರು ಕೆಳಸ್ವರ ಹಿಡಿದರು. ಲೆಸೀಲಿ ಹಾಡಲು ಬಾಯಿ ತೆರೆದಾಗ ಪಕ್ಕದಲ್ಲಿ ತನ್ನದೇ ದನಿಯಂತಹ ಇನ್ನೊಂದು ದನಿ ಕೇಳಿಸಿತು. ಸ್ವಲ್ಪ ನಡುಗುತ್ತಿತ್ತು, ಆದರೆ ಸ್ವರ ತಪ್ಪಲಿಲ್ಲ.

ಸಂಜೆ ದೋಣಿಯ ಹತ್ತಿರ ಅಕ್ಕತಂಗಿಯರಿಗೆ ಜಗಳವೇ ಆಯಿತು.

“ಅಮ್ಮ ನನ್ನ ಜೊತೆ ಇರ್ಲಿ.”

“ಔಷಧಿ, ಬಟ್ಟೆ ಎಲ್ಲ ನನ್ನ ಮನೇಲಿದೆ ಅಕ್ಕ.”

“ಬಟ್ಟೆ ನಾನು ಹೊಲಿಸ್ತೀನಿ, ಔಷಧಿ ನಾಳೆ ಕಳಿಸು. ಇಷ್ಟು ವರ್ಷ ಇಟ್ಕೊಂಡಿದ್ದು ಸಾಲದಾ ನಿನಗೆ?”

ತೆಮಲೀಸಿ ಇಬ್ಬರ ಮಾತನ್ನೂ ಕೇಳುತ್ತ ಕಲ್ಲಿನ ಮೇಲೆ ಕೂತಿದ್ದಳು. ಮುಖ ಅರಳಿತ್ತು. ಕೊನೆಗೆ ಅವಳೇ ಎದ್ದು ಲೆಸೀಲಿಯ ಮನೆಯ ದಾರಿ ಹಿಡಿದಳು. ಫಾನೆ ಸೋತು ನಕ್ಕು ದೋಣಿ ಹತ್ತಿದಳು.

ತಾಯಿ ಮಗಳು ಒಂದೇ ಸೂರಿನಡಿ ಇದ್ದ ಆ ಮೊದಲ ವಾರದಲ್ಲೇ ಕೆಸುವಿನೆಲೆಗೆ ತೆಂಗಿನ ಹಾಲು ಎಷ್ಟು ಸುರಿಯಬೇಕೆಂಬುದರ ಮೇಲೆ ದೊಡ್ಡ ಮಾತಾಯಿತು.

“ಅದೇನು ಹಾಲೋ, ಪಾತ್ರೆ ತೊಳೆದ ನೀರೋ?” ಎಂದಳು ತೆಮಲೀಸಿ.

“ಮನೆ ನಂದಮ್ಮ, ಕೈನೂ ನಂದು!”

“ಆ ಕೈ ಮಾಡಿದವಳು ನಾನು!”

ಲೆಸೀಲಿ ಸೌಟು ಹಿಡಿದು ತಾಯಿಯನ್ನು ದುರುಗುಟ್ಟಿ ನೋಡಿದಳು. ಆಮೇಲೆ ಇನ್ನೊಂದು ಕಾಯಿ ಒಡೆಯಲು ಗಂಡನನ್ನು ಕೂಗಿದಳು. ಇಸಿಲೇಲಿ ಗೊಣಗುತ್ತಾ ಬಂದು ನೋಡಿದರೆ, ಅತ್ತೆ ಸೊಸೆಯರೂ ನಾಚುವ ಹಾಗೆ ಜಗಳವಾಡಿದ್ದ ಇಬ್ಬರೂ ಒಲೆಯ ಮುಂದೆ ಒತ್ತಿಕೊಂಡು ಕೂತು ಔತಣದ ದಿನದ ಅದೇ ಕೀರ್ತನೆಯನ್ನು ಹಾಡುತ್ತ ಎಲೆ ಮಡಿಸುತ್ತಿದ್ದರು.